ಆಪತ್ಕಾಲಕ್ಕೆ ಒದಗುವ ಹವ್ಯಾಸಿ ರೇಡಿಯೋ

ಮನೆಯಲ್ಲಿ ಶಾರ್ಟ್ ವೇವ್ ಇರುವ ರೇಡಿಯೋ ಇಟ್ಟುಕೊಂಡವರಿಗೆಲ್ಲ ಈ ಅನುಭವ ಒಮ್ಮೆಯಾದರೂ ಆಗಿರುತ್ತದೆ. ರಾತ್ರಿ ಊಟ ಮುಗಿಸಿ, ಸೆಟ್ಟಿನ ಮುಂದೆ ಕುಳಿತು, ಮುಳ್ಳನ್ನು ಮೆಲ್ಲಗೆ ಸರಿಸುತ್ತ ಹೋಗುವಾಗ, ಒಂದು ನಿಲಯಕ್ಕೂ ಇನ್ನೊಂದಕ್ಕೂ ನಡುವಿನ ತೆರಪಿನಲ್ಲಿ ಜೀರುಂಡೆ ಬಿಟ್ಟು ಬಿಟ್ಟು ಕೂಗಿದಂತೆ ಒಂದು ಸದ್ದು ಬರುತ್ತದೆ. ಇನ್ನೂ ಸ್ವಲ್ಪ ಸರಿಸಿದರೆ ಬಾತುಕೋಳಿಗಳು ತಮ್ಮೊಳಗೆ ಜಗಳವಾಡುತ್ತಿರುವಂತೆ ಒಂದು ಗೊಗ್ಗರ ಧ್ವನಿ. "ಏನೋ ಗಲಾಟೆ" ಎಂದುಕೊಂಡು ನಾವು ಮುಂದಕ್ಕೆ ತಿರುಗಿಸಿಬಿಡುತ್ತೇವೆ. ನಮಗೆ ಬೇಕಾದದ್ದು ವಾರ್ತೆ, ಇಲ್ಲವೇ ಸಂಗೀತ. ಆದರೆ ಆ ಸದ್ದುಗಳಲ್ಲಿ ಕೆಲವು ಮನುಷ್ಯರ ಮಾತುಗಳೇ. ಮೊದಲನೆಯದು ಮೋರ್ಸ್ ಸಂಕೇತ. ಎರಡನೆಯದು ನಮ್ಮ ಸಾಮಾನ್ಯ ಸೆಟ್ಟಿಗೆ ಬಿಡಿಸಿ ಹೇಳಲು ಬಾರದ ಒಂದು ವಿಧಾನದಲ್ಲಿ ಕಳಿಸಿದ ಮಾತು. ಎಲ್ಲಿಯೋ ಒಬ್ಬರು ತಮ್ಮ ಮನೆಯ ಕೋಣೆಯಲ್ಲಿ ಕುಳಿತು, ಇನ್ನೆಲ್ಲಿಯೋ ಇರುವ ಮತ್ತೊಬ್ಬರ ಕ್ಷೇಮಸಮಾಚಾರ ಕೇಳುತ್ತಿರುತ್ತಾರೆ.

ಇವರು ಹವ್ಯಾಸಿ ರೇಡಿಯೋ ಬಳಗದವರು. ಲೋಕವೆಲ್ಲ ಇವರನ್ನು 'ಹ್ಯಾಮ್' ಎಂಬ ಅಡ್ಡಹೆಸರಿನಿಂದ ಕರೆಯುತ್ತದೆ. ನಾವು ನೀವು ಕೇಳುವವರು ಮಾತ್ರ. ಇವರು ಕೇಳುವವರೂ ಹೌದು, ಹೇಳುವವರೂ ಹೌದು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸ್ ಪಡೆದು, ತಮಗೆಂದು ಗೊತ್ತುಮಾಡಿದ ತರಂಗಗಳಲ್ಲಿ ತಮ್ಮದೇ ಪ್ರೇಷಕಯಂತ್ರದಿಂದ ಮಾತನಾಡುತ್ತಾರೆ. ಸಂಗೀತ ಪ್ರಸಾರ ಮಾಡುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಸಂದೇಶ ಮುಟ್ಟಿಸಿದ್ದಕ್ಕೆ ಬಿಡಿಗಾಸು ಪಡೆಯುವಂತಿಲ್ಲ. ಹಾಗಾದರೆ ಇದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಅದರಲ್ಲೂ ಪ್ರತಿಯೊಬ್ಬರ ಕಿಸೆಯಲ್ಲಿ ಮೊಬೈಲ್ ಫೋನ್ ಇರುವ ಈ ದಿನಗಳಲ್ಲಿ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಚರಿತ್ರೆಯಿಂದಲೇ ಪಡೆಯೋಣ.

೧೯೨೮ರ ಮೇ ತಿಂಗಳು. ಇಟಲಿಯ ಜನರಲ್ ಉಂಬರ್ಟೊ ನೊಬೀಲೆ ಅವರು ತಾವೇ ರಚಿಸಿದ 'ಇಟಾಲಿಯಾ' ಎಂಬ ವಾಯುನೌಕೆಯಲ್ಲಿ ಉತ್ತರ ಧ್ರುವದ ಯಾತ್ರೆ ಹೊರಟಿದ್ದರು. ಹಡಗಿನಷ್ಟು ದೊಡ್ಡದಾದ ಅನಿಲದ ಚೀಲ, ಅದರ ಕೆಳಗೆ ತೂಗುವ ಕೋಣೆ, ಒಟ್ಟು ಹದಿನಾರು ಜನ. ಮೇ ೨೪ರಂದು ಧ್ರುವದ ಮೇಲೆ ಹಾರಿ ಹಿಂದಿರುಗುವಾಗ ಮಂಜು ಕವಿಯಿತು, ಎದುರುಗಾಳಿ ಎದ್ದಿತು. ಮಾರನೆಯ ದಿನ ನೌಕೆಯು ಸ್ಪಿಟ್ಸ್‌ಬರ್ಗೆನ್ ದ್ವೀಪಗಳ ಈಶಾನ್ಯದಲ್ಲಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಅಪ್ಪಳಿಸಿತು. ಕೋಣೆ ಒಡೆದು ಹತ್ತು ಮಂದಿ ಮಂಜುಗಡ್ಡೆಯ ಮೇಲೆ ಬಿದ್ದರು; ಅವರಲ್ಲೊಬ್ಬ ಆಗಲೇ ತೀರಿಕೊಂಡ. ಭಾರ ಕಳೆದುಕೊಂಡ ಚೀಲವು ಉಳಿದ ಆರು ಮಂದಿಯನ್ನು ಹೊತ್ತುಕೊಂಡು ಮತ್ತೆ ಮೇಲಕ್ಕೇರಿ ತೇಲಿಹೋಯಿತು. ಆ ಆರು ಮಂದಿಯನ್ನು ಮುಂದೆ ಯಾರೂ ಕಾಣಲಿಲ್ಲ.

ಉಳಿದವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಸುತ್ತ ಕಣ್ಣು ಹಾಯುವಷ್ಟು ದೂರವೂ ಹಿಮ. ನೊಬೀಲೆ ಅವರ ಕಾಲು ಮುರಿದಿತ್ತು. ನೌಕೆಯಿಂದ ಚೆಲ್ಲಿದ ಸಾಮಾನುಗಳ ನಡುವೆ ಸಿಕ್ಕಿದ್ದು ಒಂದಿಷ್ಟು ಆಹಾರ, ಒಂದು ಡೇರೆ, ಮತ್ತು ಆಪತ್ತಿಗೆ ಇರಲೆಂದು ಇಟ್ಟುಕೊಂಡಿದ್ದ ಒಂದು ಪುಟ್ಟ ಶಾರ್ಟ್ ವೇವ್ ಪ್ರೇಷಕಯಂತ್ರ. ಅಷ್ಟು ಎತ್ತರದಿಂದ ಬಿದ್ದರೂ ಅದು ಕೆಟ್ಟಿರಲಿಲ್ಲ. ನಿಸ್ತಂತು ಯಂತ್ರವನ್ನು ನಡೆಸುವ ಜುಸೆಪ್ಪೆ ಬಿಯಾಜಿ ಎಂಬುವನು ಮುರಿದ ಕೊಳವೆಗಳನ್ನೇ ಕಟ್ಟಿ ಕಂಬ ಮಾಡಿ, ತಂತಿ ಎಳೆದು, ಬ್ಯಾಟರಿಗೆ ಜೋಡಿಸಿ, 'ಎಸ್ ಓ ಎಸ್' ಎಂಬ ಆಪತ್ತಿನ ಕರೆಯನ್ನು ಕುಟ್ಟತೊಡಗಿದ. ಆಕಾಶದಿಂದ ನೋಡುವವರಿಗೆ ಕಾಣಲೆಂದು ಡೇರೆಗೆ ಕೆಂಪು ಬಣ್ಣ ಬಳಿದರು. ಮುಂದೆ ಚರಿತ್ರೆಯಲ್ಲಿ ಅದು 'ಕೆಂಪು ಡೇರೆ' ಎಂದೇ ಹೆಸರಾಯಿತು.

ಅವರ ಆಧಾರನೌಕೆಯೊಂದು ಕೆಲವು ನೂರು ಕಿಲೋಮೀಟರು ದೂರದ ಬಂದರಿನಲ್ಲಿ ಲಂಗರು ಹಾಕಿಕೊಂಡೇ ಇತ್ತು. ಆದರೆ ಉತ್ತರವಿಲ್ಲ. ದಿನ ಕಳೆಯಿತು, ವಾರ ಕಳೆಯಿತು. ಇನ್ನೊಂದು ವಿಚಿತ್ರವನ್ನು ನೋಡಿ: ಅವರ ಗ್ರಾಹಕಯಂತ್ರದಲ್ಲಿ ರೋಮ್ ನಗರದ ನಿಲಯದ ವಾರ್ತೆ ಕೇಳಿಸುತ್ತಿತ್ತು. ತಾವು ಕಾಣೆಯಾದ ಸುದ್ದಿಯನ್ನು, ತಮ್ಮನ್ನು ಹುಡುಕಲು ನಡೆದಿರುವ ಸಿದ್ಧತೆಯನ್ನು ಅವರು ಹಿಮದ ಮೇಲೆ ಕುಳಿತು ಕೇಳುತ್ತಿದ್ದರು. ಲೋಕದ ಮಾತು ಅವರಿಗೆ ಕೇಳಿಸುತ್ತಿತ್ತು. ಅವರ ಕೂಗು ಲೋಕಕ್ಕೆ ಕೇಳಿಸುತ್ತಿರಲಿಲ್ಲ. ಬೇಸತ್ತ ಮೂವರು, ಕಾಲ್ನಡಿಗೆಯಲ್ಲೇ ನೆಲವನ್ನು ಸೇರುತ್ತೇವೆಂದು ಹೊರಟುಹೋದರು.

ಜೂನ್ ೩ರ ಸಂಜೆ ಆ ಕೂಗು ಒಬ್ಬನ ಕಿವಿಗೆ ಬಿತ್ತು. ಅವನು ಹಡಗಿನವನಲ್ಲ, ಸೈನ್ಯದವನಲ್ಲ. ರಷ್ಯಾ ದೇಶದ ಉತ್ತರದಲ್ಲಿ ವೊಜ್ನೆಸೆನ್ಯೆ ವೊಖ್ಮಾ ಎಂಬ ಹಳ್ಳಿಯ, ಇಪ್ಪತ್ತರ ಹರೆಯದ ನಿಕೊಲಾಯ್ ಷ್ಮಿಟ್ ಎಂಬ ತರುಣ. ತನ್ನ ಕೈಯಿಂದಲೇ ಕಟ್ಟಿಕೊಂಡ ಸೆಟ್ಟಿನಲ್ಲಿ, ಯಾವ ಊರು ಸಿಕ್ಕೀತು ಎಂದು ಹುಡುಕುತ್ತಿದ್ದ ಹವ್ಯಾಸಿ. 'ಇಟಾಲಿಯಾ', 'ನೊಬೀಲೆ', 'ಎಸ್ ಓ ಎಸ್' — ಹೀಗೆ ಹರಿದು ಹರಿದು ಬಂದ ನಾಲ್ಕು ತುಣುಕುಗಳು. ಕೆಂಪು ಡೇರೆಗೂ ಆ ಹಳ್ಳಿಗೂ ನಡುವೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಅಂತರ. ಷ್ಮಿಟ್ ಆ ತುಣುಕುಗಳನ್ನು ಬರೆದುಕೊಂಡ. ಮಾಸ್ಕೋದಲ್ಲಿದ್ದ ರೇಡಿಯೋ ಮಿತ್ರರ ಸಂಘಕ್ಕೆ ತಂತಿ ಹೊಡೆದ. ಅಲ್ಲಿಂದ ಸುದ್ದಿ ಇಟಲಿಗೆ ಹೋಯಿತು. ಕೆಲವೇ ದಿನಗಳಲ್ಲಿ, ಹಿಮದ ಮೇಲಿದ್ದವರು ರೋಮಿನ ವಾರ್ತೆಯಲ್ಲೇ ಕೇಳಿದರು: ರಷ್ಯಾದ ಹವ್ಯಾಸಿಯೊಬ್ಬನಿಗೆ ನಿಮ್ಮ ಕರೆ ಕೇಳಿಸಿದೆ!

ಅಲ್ಲಿಂದ ಮುಂದೆ ಆಧಾರನೌಕೆಯೊಡನೆಯೂ ಸಂಪರ್ಕ ಬೆಳೆಯಿತು. ಜೂನ್ ೨೪ರಂದು ಸ್ವೀಡನ್ನಿನ ವಿಮಾನಿಕ ಲುಂಡ್‌ಬೋರ್ಗ್ ಹಿಮದ ಮೇಲಿಳಿದು ನೊಬೀಲೆ ಅವರನ್ನು ಕರೆತಂದ. ಜುಲೈ ೧೨ರಂದು 'ಕ್ರಾಸಿನ್' ಎಂಬ ರಷ್ಯದ ಹಿಮಭೇದಕ ಹಡಗು ಡೇರೆಯಲ್ಲಿ ಉಳಿದಿದ್ದ ಐವರನ್ನೂ, ನಡೆದುಹೋಗಿದ್ದ ಮೂವರಲ್ಲಿ ಬದುಕಿದ್ದ ಇಬ್ಬರನ್ನೂ ಎತ್ತಿಕೊಂಡಿತು. ಹದಿನಾರರಲ್ಲಿ ಎಂಟು ಮಂದಿ ಬದುಕಿದರು. ಇದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಇವರನ್ನು ಹುಡುಕಲು ಜೂನ್ ೧೮ರಂದು ವಿಮಾನವೇರಿ ಹೊರಟ ಮಹಾಯಾತ್ರಿಕ ಅಮುಂಡ್ಸೆನ್ ತಮ್ಮ ಸಂಗಡಿಗರೊಡನೆ ಕಣ್ಮರೆಯಾದರು, ಹಿಂದಿರುಗಲೇ ಇಲ್ಲ.

ಹತ್ತಿರದ ಹಡಗಿಗೆ ಕೇಳಿಸದ ಕರೆ ದೂರದ ಹಳ್ಳಿಗೆ ಕೇಳಿಸಿದ್ದು ಹೇಗೆ? ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದ್ದೀರಲ್ಲವೇ? ಕಲ್ಲು ಒಂದು ಕಡೆ ನೀರನ್ನು ಮುಟ್ಟಿ ಹಾರಿ, ಬಹು ದೂರದಲ್ಲಿ ಮತ್ತೆ ಮುಟ್ಟುತ್ತದೆ. ನಡುವಣ ನೀರಿಗೆ ಅದರ ಸೋಂಕೇ ಇಲ್ಲ. ಕಿರುತರಂಗಗಳದ್ದೂ ಇದೇ ರೀತಿ. ಅವು ಆಕಾಶಕ್ಕೇರಿ, ಬಹು ಎತ್ತರದಲ್ಲಿರುವ ಅಯಾನುಗೋಲವೆಂಬ ಪದರದಿಂದ ಬಾಗಿ, ದೂರದಲ್ಲಿ ಭೂಮಿಗಿಳಿಯುತ್ತವೆ. ನಡುವೆ ಒಂದು ಮೌನದ ಪಟ್ಟಿ ಉಳಿದುಬಿಡುತ್ತದೆ. ಹಡಗು ಆ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತೆಂದು ಹೇಳುತ್ತಾರೆ. ಇನ್ನೊಂದು ಕಾರಣವನ್ನು ನೊಬೀಲೆಯವರೇ ಮುಂದೆ ದೂರಿನ ದನಿಯಲ್ಲಿ ಹೇಳಿದರು: ಹಡಗಿನವರು ಇವರು ಬದುಕಿರಲಾರರೆಂದು ಬಗೆದು, ಕಿವಿಗೊಟ್ಟು ಕೇಳಲೇ ಇಲ್ಲ. ಎರಡೂ ಕಾರಣಗಳನ್ನು ನೆನಪಿಟ್ಟುಕೊಳ್ಳಿ; ಮುಂದೆ ಬೇಕಾಗುತ್ತವೆ.

ಈ ಕಿರುತರಂಗಗಳು ಹವ್ಯಾಸಿಗಳ ಕೈಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ೧೯೧೨ರ ಏಪ್ರಿಲಿನಲ್ಲಿ 'ಟೈಟಾನಿಕ್' ಹಡಗು ಮುಳುಗಿದಾಗ ನಿಸ್ತಂತು ಸಂದೇಶವೇ ಏಳುನೂರಕ್ಕೂ ಹೆಚ್ಚು ಜನರ ಜೀವ ಉಳಿಯಲು ಕಾರಣವಾಯಿತು. ಆದರೆ ಆ ದಿನಗಳಲ್ಲಿ ಆಕಾಶದಲ್ಲಿ ಗದ್ದಲವೋ ಗದ್ದಲ. ಯಾರು ಯಾವ ತರಂಗದಲ್ಲಿ ಬೇಕಾದರೂ ಕೂಗಬಹುದಾಗಿತ್ತು. ಸುಳ್ಳು ಸುದ್ದಿಗಳು ಹರಡಿದವು. ತಪ್ಪಿನ ಒಂದು ಪಾಲು ಹವ್ಯಾಸಿಗಳ ತಲೆಗೂ ಬಂತು. ಅದೇ ವರ್ಷ ಅಮೆರಿಕಾ ಕಾನೂನು ಮಾಡಿ ಹವ್ಯಾಸಿಗಳನ್ನು ೨೦೦ ಮೀಟರು ಮತ್ತು ಅದಕ್ಕಿಂತ ಕಿರಿದಾದ ತರಂಗಗಳಿಗೆ ಅಟ್ಟಿತು. ಅವು ದೂರ ಹೋಗಲಾರದ, ಯಾರಿಗೂ ಬೇಡದ ತರಂಗಗಳೆಂದು ಅಂದಿನ ಪಂಡಿತರ ಮತ. ಊರಾಚೆಯ ಬರಡು ಜಮೀನನ್ನು ಬಡವನಿಗೆ ಕೊಟ್ಟಂತಾಯಿತು.

ಆ ಬರಡಿನಲ್ಲಿ ಅವರು ಹೊನ್ನು ಬೆಳೆದರು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್ ಮತ್ತು ಅಮೆರಿಕದ ಫ್ರೆಡ್ ಷ್ನೆಲ್ ಎಂಬ ಹವ್ಯಾಸಿಗಳು ಸುಮಾರು ೧೧೦ ಮೀಟರಿನ ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಈಚೆ ಸಂಭಾಷಿಸಿದರು. ೧೯೨೪ರ ಅಕ್ಟೋಬರ್ ೧೮ರಂದು ಇನ್ನೂ ದೊಡ್ಡ ಅಚ್ಚರಿ ನಡೆಯಿತು. ಲಂಡನ್ನಿನ ಮಿಲ್ ಹಿಲ್ ಶಾಲೆಯ ಹದಿನೆಂಟು ವರ್ಷದ ವಿದ್ಯಾರ್ಥಿ ಸೆಸಿಲ್ ಗಾಯ್ಡರ್, ಭೂಮಿಯ ಮತ್ತೊಂದು ಮಗ್ಗುಲಲ್ಲಿರುವ ನ್ಯೂಜಿಲೆಂಡಿನ ಫ್ರಾಂಕ್ ಬೆಲ್ ಎಂಬ ಹವ್ಯಾಸಿಯೊಡನೆ ಸಂಪರ್ಕ ಸಾಧಿಸಿದ. ಈ ಹುಡುಗನ ಹೆಸರು ನಮಗೆ ಪರಕೀಯವಲ್ಲ. ೧೯೩೬ರಲ್ಲಿ ಆಲ್ ಇಂಡಿಯಾ ರೇಡಿಯೋದ ಮುಖ್ಯ ಇಂಜಿನಿಯರಾಗಿ ಬಂದು, ಈ ವಿಶಾಲ ದೇಶಕ್ಕೆ ಶಾರ್ಟ್ ವೇವ್ ಪ್ರಸಾರದ ಜಾಲವನ್ನು ಹೂಡಿದವರು ಇದೇ ಗಾಯ್ಡರ್. ದೆಹಲಿಯ ವಾರ್ತೆಯನ್ನು ಮನೆಯಲ್ಲಿ ಕುಳಿತು ಕೇಳಿದ ನಮ್ಮ ಹಿರಿಯರು ಒಬ್ಬ ಶಾಲಾ ಹುಡುಗನ ಹವ್ಯಾಸಕ್ಕೂ ಸ್ವಲ್ಪ ಋಣಿಗಳು.

ನಮ್ಮ ಮೈಸೂರಿನ ಕಥೆಯೂ ಇದಕ್ಕೆ ಬಹಳ ದೂರದ್ದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಲ್ಲೇ ೩೦ ವಾಟ್ ಶಕ್ತಿಯ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಹಳೆಯ ಕಾಲದ ಒಂದು ಮಂಕು ಬಲ್ಬು ಉರಿಯಲು ಬೇಕಾಗುತ್ತಿದ್ದಷ್ಟು ಶಕ್ತಿ! ಆ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ರಾಷ್ಟ್ರದ ರೇಡಿಯೋಗೆ ಸಂದಿತು. ಅವರದು ಪ್ರಸಾರ, ಹ್ಯಾಮ್‌ಗಳದು ಪರಸ್ಪರ ಸಂಭಾಷಣೆ. ಕೆಲಸ ಬೇರೆಯಾದರೂ ಹುಮ್ಮಸ್ಸು ಒಂದೇ ಜಾತಿಯದು.

ಇನ್ನು ಆಪತ್ತಿನ ಮಾತಿಗೆ ಹಿಂದಿರುಗೋಣ. ಷ್ಮಿಟ್‌ನಿಗೆ ಕರೆ ಕೇಳಿಸಿದ್ದು ಅದೃಷ್ಟ. ಅದೃಷ್ಟವನ್ನೇ ನಂಬಿ ಕೂರಲಾದೀತೇ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮದು. ಬಾವಿಯನ್ನು ಮೊದಲೇ ತೋಡಿಡುವ ಯೋಚನೆ ಅಮೆರಿಕದ ಹವ್ಯಾಸಿಗಳಿಗೆ ಬಂತು. ಅವರ ರಾಷ್ಟ್ರೀಯ ಸಂಘವು ೧೯೧೪ರಲ್ಲೇ ಹುಟ್ಟಿತ್ತು. ೧೯೩೩ರಿಂದ ಆ ಸಂಘದವರು ವರ್ಷಕ್ಕೊಂದು ಸಲ, ಜೂನ್ ತಿಂಗಳಲ್ಲಿ, ಮನೆಯ ಸುಖವನ್ನೂ ಮನೆಯ ವಿದ್ಯುತ್ತನ್ನೂ ಬಿಟ್ಟು, ಬಯಲಿನಲ್ಲಿ ಡೇರೆ ಹಾಕಿ, ಬ್ಯಾಟರಿಯಿಂದಲೂ ಸಣ್ಣ ಜನರೇಟರಿನಿಂದಲೂ ಸೆಟ್ಟು ನಡೆಸುವ ಅಭ್ಯಾಸ ಹಾಕಿಕೊಂಡರು. ನೋಡುವವರಿಗೆ ಅದೊಂದು ವನಭೋಜನ. ಒಳಗೆ ಅದು ಕವಾಯತು. ೧೯೩೫ರಲ್ಲಿ ಆಪತ್ಕಾಲದ ದಳವೊಂದನ್ನೇ ಕಟ್ಟಿದರು. ೧೯೩೬ರ ಮಾರ್ಚಿಯಲ್ಲಿ ಅಮೆರಿಕದ ಈಶಾನ್ಯ ಪ್ರಾಂತಗಳಲ್ಲೂ, ೧೯೩೭ರ ಜನವರಿಯಲ್ಲಿ ಒಹಾಯೋ ನದಿಯ ದಡಗಳಲ್ಲೂ ಮಹಾಪ್ರವಾಹ ಬಂದು ತಂತಿಕಂಬಗಳು ಕೊಚ್ಚಿಹೋದಾಗ ಊರೂರಿನ ಸುದ್ದಿಯನ್ನು ಹೊತ್ತು ತಂದವರಲ್ಲಿ ಈ ಹವ್ಯಾಸಿಗಳು ಮುಂದಿದ್ದರು.

ಮನೆಯಿಂದ ಬಯಲಿಗೆ ಬಂದ ಸೆಟ್ಟು ಮೋಟಾರಿಗೆ ಏರುವುದು ತಡವಾಗಲಿಲ್ಲ. ೧೯೨೮ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಕಾರುಗಳಲ್ಲಿ ಗ್ರಾಹಕಯಂತ್ರವಿಟ್ಟು ಠಾಣೆಯ ಆಜ್ಞೆಯನ್ನು ಕೇಳುವ ಏರ್ಪಾಡು ಮಾಡಿದರು. ಕೇಳಬಹುದಿತ್ತು, ಉತ್ತರ ಕೊಡುವಂತಿರಲಿಲ್ಲ. ೧೯೩೩ರಲ್ಲಿ ನ್ಯೂ ಜೆರ್ಸಿಯ ಬೇಯಾನ್ ಪಟ್ಟಣದ ಪೊಲೀಸರು ಎರಡೂ ಕಡೆಯಿಂದ ಮಾತನಾಡುವ ಸೆಟ್ಟನ್ನು ಬಳಸಿದರು. ಅದೇ ದಶಕದಲ್ಲಿ ಹವ್ಯಾಸಿಗಳು ಐದು ಮೀಟರಿನ ತರಂಗದಲ್ಲಿ ಕಾರಿನಿಂದ ಕಾರಿಗೆ ಮಾತನಾಡಿದರು.

ಕೆಲಸ ಸುಲಭವಾಗಿರಲಿಲ್ಲ. ಅಂದಿನ ಕಾರಿನ ಬ್ಯಾಟರಿ ಆರು ವೋಲ್ಟಿನದು. ವಾಲ್ವುಗಳಿಗೆ ಬೇಕಾದದ್ದು ಇನ್ನೂರು ಮುನ್ನೂರು ವೋಲ್ಟು. ಆದ್ದರಿಂದ 'ವೈಬ್ರೇಟರ್' ಎಂಬ ಗುಂಯ್‌ಗುಟ್ಟುವ ಡಬ್ಬಿಯನ್ನು ನಡುವೆ ಇಟ್ಟು ವೋಲ್ಟನ್ನು ಏರಿಸಬೇಕಾಗಿತ್ತು. ಇಂಜಿನ್ನಿನ ಪ್ಲಗ್ಗುಗಳಲ್ಲಿ ಹಾರುವ ಒಂದೊಂದು ಕಿಡಿಯೂ ಒಂದು ಪುಟ್ಟ ಪ್ರೇಷಕವೇ. ಅದರ ಚಿಟಚಿಟ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಮೊದಲನೆಯ ತೊಡಕು ತೀರಿತು. ಈಗಿನ ಸೆಟ್ಟುಗಳು ಕಾರಿನ ಹನ್ನೆರಡು ವೋಲ್ಟಿನಲ್ಲೇ ನಡೆಯುತ್ತವೆ. ಎರಡನೆಯದು ಈಗಲೂ ಪೂರ್ತಿ ತೀರಿಲ್ಲ. ಏರಿಯಲ್ಲಿನ ಸಮಸ್ಯೆ ಇನ್ನೊಂದು ಬಗೆಯದು. ಎರಡು ಮೀಟರಿನ ತರಂಗಕ್ಕೆ ಅದರ ಕಾಲುಭಾಗ, ಎಂದರೆ ಸುಮಾರು ಅರ್ಧ ಮೀಟರಿನ ಕಡ್ಡಿ ಸಾಕು. ಕಾರಿನ ತಗಡಿನ ಮಾಡೇ ಅದಕ್ಕೆ ನೆಲವಾಗಿ ಒದಗುತ್ತದೆ. ನಲವತ್ತು ಮೀಟರಿನ ತರಂಗಕ್ಕಾದರೋ ಹತ್ತು ಮೀಟರಿನ ಕಂಬ ಬೇಕು. ಅದನ್ನು ಹೊತ್ತು ಯಾವ ಕಾರು ಓಡೀತು? ಅದಕ್ಕಾಗಿ ಗಿಡ್ಡ ಕಡ್ಡಿಯ ನಡುವೆ ತಂತಿಯ ಸುರುಳಿಯೊಂದನ್ನು ಸೇರಿಸಿ, ಉದ್ದವಿದೆಯೆಂದು ಸೆಟ್ಟನ್ನು ನಂಬಿಸುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಶಕ್ತಿಯ ಬಹುಪಾಲು ನಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಈ ಹವ್ಯಾಸದ ಬೇರು ೧೯೨೧ರಷ್ಟು ಹಿಂದಿನದು. ಆ ವರ್ಷ ಲೈಸೆನ್ಸ್ ಪಡೆದ ಬಂಗಾಳದ ಅಮರೇಂದ್ರ ಚಂದ್ರ ಗುಪ್ತರು ಮೊದಲ ಭಾರತೀಯ ಹವ್ಯಾಸಿ ಎಂದು ಹೆಸರಾಗಿದ್ದಾರೆ. ೧೯೩೯ರಲ್ಲಿ ಯುದ್ಧ ಹತ್ತಿದ ಕೂಡಲೇ ಲೈಸೆನ್ಸುಗಳು ರದ್ದಾದವು. ಸ್ವಾತಂತ್ರ್ಯಾನಂತರ, ೧೯೪೮ರ ಮೇ ೧೫ರಂದು, ಮಧ್ಯಪ್ರದೇಶದ ಮಹೂ ದಂಡಿನ ಸಿಗ್ನಲ್ ಶಾಲೆಯಲ್ಲಿ ಅಖಿಲ ಭಾರತದ ಸಂಘ ಹುಟ್ಟಿತು. ೧೯೯೯ರ ಒರಿಸ್ಸಾ ಚಂಡಮಾರುತ, ೨೦೦೧ರ ಭುಜ್ ಭೂಕಂಪ — ಎರಡರಲ್ಲೂ ಹವ್ಯಾಸಿಗಳು ಸೆಟ್ಟು ಬ್ಯಾಟರಿಗಳನ್ನು ಹೊತ್ತು ಸ್ಥಳಕ್ಕೆ ಹೋದರು.

೨೦೦೪ರ ಅಂಡಮಾನಿನ ಪ್ರಸಂಗವಂತೂ ಷ್ಮಿಟ್ ಕಥೆಗೆ ಜೋಡಿಯಾಗಿ ನಿಲ್ಲತಕ್ಕದ್ದು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದ್ ಅವರು ಡಿಸೆಂಬರ್ ತಿಂಗಳ ಆರಂಭದಲ್ಲಿ ತಮ್ಮ ತಂಡದೊಡನೆ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಹದಿನೇಳು ವರ್ಷಗಳಿಂದ ಅಲ್ಲಿಂದ ಹವ್ಯಾಸಿಗಳ ದನಿ ಎದ್ದಿರಲಿಲ್ಲ. ಆದ್ದರಿಂದ ಜಗತ್ತಿನ ಸಾವಿರಾರು ಹವ್ಯಾಸಿಗಳು ಆ ದ್ವೀಪದ ಸಂಪರ್ಕಕ್ಕಾಗಿ ಹಗಲಿರುಳು ಕಾದಿದ್ದರು. ಅದು ಶುದ್ಧ ವಿನೋದ, ಅಂಚೆಚೀಟಿ ಕೂಡಿಸುವಂಥದು. ಡಿಸೆಂಬರ್ ೨೬ರ ಬೆಳಗ್ಗೆ ಆರೂವರೆಯ ಸುಮಾರಿಗೆ ಭೂಮಿ ನಡುಗಿತು. ಹಿಂದೆಯೇ ಸುನಾಮಿ ಬಂತು. ದೂರವಾಣಿ, ವಿದ್ಯುತ್ತು ಎರಡೂ ತಪ್ಪಿದ ಆ ಹೊತ್ತಿನಲ್ಲಿ ವಿನೋದಕ್ಕೆಂದು ತಂದ ಸೆಟ್ಟೇ ದ್ವೀಪಕ್ಕೂ ಹೊರಲೋಕಕ್ಕೂ ಸೇತುವೆಯಾಯಿತು. ಬಂಧುಗಳು ಬದುಕಿದ್ದಾರೆಯೇ ಎಂದು ನಾಡಿನಲ್ಲಿ ಹಂಬಲಿಸುತ್ತಿದ್ದವರಿಗೆ ಉತ್ತರ ಹೋಯಿತು. ತೀವ್ರವಾಗಿ ಪೆಟ್ಟು ತಿಂದಿದ್ದ ಕಾರ್ ನಿಕೋಬಾರಿಗೂ ತಂಡದ ಸೆಟ್ಟೊಂದು ತಲುಪಿತು.

ಮೊಬೈಲ್ ಫೋನ್ ಇರುವಾಗ ಇದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ಫೋನು ತಾನಾಗಿ ದೂರದವರೊಡನೆ ಮಾತನಾಡುವುದಿಲ್ಲ; ಹತ್ತಿರದ ಗೋಪುರದೊಡನೆ ಮಾತನಾಡುತ್ತದೆ. ಗೋಪುರ ಬಿದ್ದರೆ, ಅದರ ವಿದ್ಯುತ್ತು ತಪ್ಪಿದರೆ, ಊರೆಲ್ಲ ಒಟ್ಟಿಗೆ ಕರೆ ಮಾಡಿ ದಾರಿ ಕಟ್ಟಿದರೆ, ಕೈಯಲ್ಲಿರುವುದು ಬರಿಯ ಗಾಜಿನ ತುಂಡು. ಹವ್ಯಾಸಿಯ ಎರಡು ಸೆಟ್ಟುಗಳ ನಡುವೆ ಆಕಾಶದ ಹೊರತು ಮತ್ತೇನೂ ಬೇಕಿಲ್ಲ.

ಇನ್ನು, ಆರಂಭಿಸುವುದು ಹೇಗೆ? ಕೇಳುವುದರಿಂದಲೇ ಆರಂಭಿಸಿ. ಷ್ಮಿಟ್ ಮಾಡಿದ್ದು ಅಷ್ಟೇ. ಹಳೆಯ ಸೆಟ್ಟಿನ ೪೧ ಮೀಟರು ಪಟ್ಟಿಯ ಪಕ್ಕದಲ್ಲಿ, ೭ ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಹುಡುಕಿದರೆ ನಾನು ಮೊದಲು ಹೇಳಿದ ಜೀರುಂಡೆಯ ಸದ್ದೂ ಬಾತುಕೋಳಿಯ ದನಿಯೂ ಸಿಕ್ಕಾವು. ಅವನ್ನು ತಿಳಿಯಾ­ಗಿ ಬಿಡಿಸುವ ಗ್ರಾಹಕಯಂತ್ರಗಳೂ ದೊರೆಯುತ್ತವೆ. ಎರಡನೆಯದಾಗಿ, ನಿಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ಇರುವ ಹವ್ಯಾಸಿಗಳ ಪರಿಚಯ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಇವರ ಸಂಘಗಳು ಬಹುಕಾಲದಿಂದ ನಡೆದಿವೆ. ಹೊಸಬರನ್ನು ಕಂಡರೆ ಇವರಿಗೆ ಬಲು ಸಂತೋಷ. ಸಂಜೆ ಹೋದವರು ರಾತ್ರಿ ಊಟದ ಹೊತ್ತಿಗೂ ಮನೆಗೆ ಬಾರದಿದ್ದರೆ ಮನೆಯವರು ಕೋಪಿಸಿಕೊಳ್ಳಬಾರದು.

ಮೂರನೆಯದು ಲೈಸೆನ್ಸ್. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಕೂರಬಹುದು. ರೇಡಿಯೋ ವಿಜ್ಞಾನದ ಮೂಲತತ್ವ, ಸಂಪರ್ಕದ ನಿಯಮ — ಈ ಎರಡನ್ನು ಕೆಲವು ತಿಂಗಳು ಶ್ರದ್ಧೆಯಿಂದ ಓದಿದರೆ ಸಾಕು. ತೇರ್ಗಡೆಯಾದವರಿಗೆ 'ವಿ ಯು' ಎಂದು ಆರಂಭವಾಗುವ ಒಂದು ಕರೆಹೆಸರು ದೊರೆಯುತ್ತದೆ. ಲೋಕದಲ್ಲಿ ಅದು ಮತ್ತಾರಿಗೂ ಇರುವುದಿಲ್ಲ. ಲೈಸೆನ್ಸ್ ಕೈಗೆ ಬರುವ ತನಕ ಪ್ರೇಷಕದ ಗುಂಡಿಯನ್ನು ಮುಟ್ಟಬೇಡಿ. ೧೯೧೨ರ ಗದ್ದಲವನ್ನು ನೆನೆಸಿಕೊಂಡರೆ ಈ ಕಟ್ಟಳೆ ಏಕೆಂಬುದು ತಾನೇ ತಿಳಿಯುತ್ತದೆ.

ಸೆಟ್ಟನ್ನು ಕೊಳ್ಳುವಾಗ ಯಾರೊಡನೆ ಮಾತನಾಡಬೇಕೆಂಬುದನ್ನು ಮೊದಲು ಯೋಚಿಸಿ. ಊರೊಳಗಿನ ಮಾತಿಗೆ ಎರಡು ಮೀಟರಿನ, ಎಂದರೆ ೧೪೪ರಿಂದ ೧೪೬ ಮೆಗಾಹರ್ಟ್ಸಿನ ಕೈಸೆಟ್ಟು ಸಾಕು. ಎತ್ತರದಲ್ಲಿ ಮರುಪ್ರಸಾರಕ ಯಂತ್ರವಿದ್ದರೆ ಅದು ಇನ್ನೂ ದೂರ ಮುಟ್ಟುತ್ತದೆ. ಜಿಲ್ಲೆಯಿಂದ ಜಿಲ್ಲೆಗೆ ಮಾತನಾಡಲು ೭ ಮೆಗಾಹರ್ಟ್ಸ್ ಬೇಕು. ಇಲ್ಲಿ ಆ ಮೌನದ ಪಟ್ಟಿಯನ್ನು ಮರೆಯಬೇಡಿ. ಏರಿಯಲ್ ತಂತಿಯನ್ನು ಬಹು ಎತ್ತರಕ್ಕೆ ಕಟ್ಟಿದರೆ ದನಿ ದೂರದೇಶಕ್ಕೆ ಹೋಗಿ ನೆರೆಯ ಜಿಲ್ಲೆಗೆ ಕೇಳಿಸದೆ ಹೋದೀತು. ಸುಮಾರು ಇಪ್ಪತ್ತು ಮೀಟರು ಉದ್ದದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಂದ ಸೆಟ್ಟಿಗೆ ಜೋಡಿಸಿ, ಎರಡಾಳೆತ್ತರದಲ್ಲಿ ಮಾತ್ರ ಕಟ್ಟಿದರೆ ತರಂಗವು ನೆಟ್ಟಗೆ ಮೇಲಕ್ಕೇರಿ, ಕೊಡೆ ಬಿಚ್ಚಿದಂತೆ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಇಳಿಯುತ್ತದೆ. ಪ್ರವಾಹ ಬಂದಾಗ ನಿಮಗೆ ಬೇಕಾಗುವುದು ನ್ಯೂಜಿಲೆಂಡಲ್ಲ, ಜಿಲ್ಲಾ ಕಚೇರಿ.

ಕಾರಿನಲ್ಲಿ ಇಡುವವರಿಗೆ ನಾಲ್ಕು ಮಾತು. ಒಂದು, ಲೈಸೆನ್ಸಿನಲ್ಲಿ ವಾಹನದ ವಿಚಾರವಾಗಿ ಇರುವ ನಿಬಂಧನೆಗಳನ್ನು ಮೊದಲು ಓದಿ. ಎರಡು, ಸೆಟ್ಟಿನ ತಂತಿಗಳನ್ನು ನೇರವಾಗಿ ಬ್ಯಾಟರಿಯಿಂದಲೇ ಎಳೆದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ. ಐವತ್ತು ವಾಟಿನ ಸೆಟ್ಟು ಮಾತನಾಡುವಾಗ ಹತ್ತು ಆಂಪಿಯರಿನಷ್ಟು ಎಳೆಯುತ್ತದೆ. ಸಿಗರೇಟು ಹೊತ್ತಿಸುವ ಕಿಂಡಿಯನ್ನು ಅದಕ್ಕೆ ನೆಚ್ಚಬೇಡಿ. ಮೂರು, ಇಂಜಿನ್ ನಿಲ್ಲಿಸಿ ಬಹಳ ಹೊತ್ತು ಮಾತನಾಡಿದರೆ, ಸಂದೇಶ ಮುಟ್ಟಿತು ಆದರೆ ಕಾರು ಹೊರಡಲಿಲ್ಲ ಎಂದಾಗುತ್ತದೆ. ನಾಲ್ಕು, ಓಡಿಸುವವರು ಓಡಿಸಲಿ, ಪಕ್ಕದವರು ಮಾತನಾಡಲಿ. ಒಬ್ಬರೇ ಇದ್ದರೆ ಬದಿಗೆ ನಿಲ್ಲಿಸಿ ಮಾತನಾಡಿ. ಆಪತ್ತಿನಲ್ಲಿ ನೆರವಾಗಲು ಹೊರಟವರು ತಾವೇ ಆಪತ್ತಾಗಬಾರದು. ನಮ್ಮ ಹವ್ಯಾಸಿಗಳು ಮೋಟಾರು ರ್ಯಾಲಿಗಳಲ್ಲಿ ದಾರಿಯುದ್ದಕ್ಕೂ ಸೆಟ್ಟು ಹೂಡಿ, ಯಾವ ಗಾಡಿ ಎಲ್ಲಿದೆ, ಯಾರಿಗೆ ಪೆಟ್ಟಾಯಿತು ಎಂದು ವರದಿ ಕೊಟ್ಟು ಬಂದಿದ್ದಾರೆ. ಅದು ಆಟವೂ ಹೌದು, ಪಾಠವೂ ಹೌದು.

ಕೊನೆಯದು ಸಂದೇಶದ ಶಿಸ್ತು. ಗಾಬರಿಯಾದವನ ಬಾಯಲ್ಲಿ ಮೊದಲು ಬರುವುದು ಉದ್ಗಾರ. ಕೇಳುವವನಿಗೆ ಬೇಕಾದದ್ದು ವಿವರ. ಯಾವ ಸ್ಥಳ, ಎಷ್ಟು ಹೊತ್ತಿಗೆ, ಎಷ್ಟು ಜನ, ಏನು ಬೇಕು — ಇಷ್ಟನ್ನು ಕಾಗದದ ಮೇಲೆ ಬರೆದು, ನಿಧಾನವಾಗಿ ಓದಿ. ಆ ಕಡೆಯವರು ಬರೆದುಕೊಂಡದ್ದನ್ನು ತಿರುಗಿ ಓದಿಸಿ ಒಪ್ಪಿಕೊಳ್ಳಿ. ಇದನ್ನು ಯಾರೂ ಪ್ರವಾಹದ ದಿನ ಕಲಿಯಲಾರರು. ವಾರಕ್ಕೊಂದು ಸಂಜೆ ಸ್ನೇಹಿತರೊಡನೆ ಅಭ್ಯಾಸ ಮಾಡಿ. ತಿಂಗಳಿಗೊಮ್ಮೆ ಮನೆಯ ಮೈನ್ ಸ್ವಿಚ್ ಆರಿಸಿ, ಬರಿಯ ಬ್ಯಾಟರಿಯಿಂದ ಸೆಟ್ಟು ನಡೆಸಿ ನೋಡಿ. ಬ್ಯಾಟರಿಯಲ್ಲಿ ನೀರು ಆರಿದೆಯೆಂದು ಆಗ ಗೊತ್ತಾದರೆ ನಗಬಹುದು. ಆಪತ್ತಿನ ದಿನ ಗೊತ್ತಾದರೆ ನಗುವವರು ಯಾರು?

ಬಿಯಾಜಿಯ ಕೈಯಲ್ಲಿ ಯಂತ್ರವಿತ್ತು. ಆ ಯಂತ್ರವನ್ನು ನಡೆಸುವ ವಿದ್ಯೆ ಅವನಿಗೆ ಮೊದಲೇ ಬಂದಿತ್ತು. ಆದರೂ ಅಷ್ಟು ದಿನ ಅವನ ಕೂಗು ಗಾಳಿಯ ಪಾಲಾಯಿತು. ಕೊರತೆಯಿದ್ದದ್ದು ಕಿವಿಗೊಟ್ಟು ಕೇಳುವ ಒಬ್ಬ ಮನುಷ್ಯನದು. ಅಷ್ಟು ದೊಡ್ಡ ಲೋಕದಲ್ಲಿ ಆ ಕಿವಿ ಒಂದು ಸಣ್ಣ ಹಳ್ಳಿಯಲ್ಲಿ, ಕೂಲಿಗಲ್ಲ ಖುಷಿಗಾಗಿ ಕುಳಿತವನಲ್ಲಿ ಸಿಕ್ಕಿತು. ಆದ್ದರಿಂದ, ಇಂದು ರಾತ್ರಿ ನಿಮ್ಮ ರೇಡಿಯೋದ ಮುಳ್ಳನ್ನು ಸರಿಸುವಾಗ ಆ ಜೀರುಂಡೆಯ ಸದ್ದು ಸಿಕ್ಕಿದರೆ, ಕೂಡಲೇ ಮುಂದಕ್ಕೆ ತಿರುಗಿಸಬೇಡಿ. ಮನೆಯ ಮಕ್ಕಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ನಿಮಿಷ ಕೇಳಿ.